ಅಂಗಳದ ಮಳೆಮಾಪಕ, ಕಿಸೆಯ ಫೋನು

(ಮಳೆಗಾಲಕ್ಕೆ ಮುನ್ನ ನಡೆದ ನಮ್ಮ ಬಳಗದ ಸಭೆಯಲ್ಲಿ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ 'ತಂತ್ರಜ್ಞಾನ ಮತ್ತು ನಮ್ಮ ಬದುಕು'. ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಮಾತನಾಡಬೇಕೆಂದು ಸಿದ್ಧತೆ ಮಾಡಿಕೊಂಡು ಬಂದಿದ್ದೆ. ನಿನ್ನೆಯ ಗಾಳಿಗೆ ಘಟ್ಟದಲ್ಲೆಲ್ಲೋ ಮರ ಬಿದ್ದು ವಿದ್ಯುತ್ತು ಹೋಗಿದೆ. ಆದ್ದರಿಂದ ಬಾಯಿಮಾತಿನಲ್ಲೇ ಹೇಳುತ್ತೇನೆ. ಒಂದು ರೀತಿಯಲ್ಲಿ ಇದು ಒಳ್ಳೆಯದೇ ಆಯಿತು. ಇಂತಹ ದೊಡ್ಡ ವಿಷಯವನ್ನು ಇಡಿಯಾಗಿ ಹಿಡಿಯಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ನಾನು ಬಲ್ಲದ್ದು ಅಡಿಕೆ ತೋಟ, ಅದರ ರೋಗಗಳು, ಮತ್ತು ಸ್ವಲ್ಪ ಮಟ್ಟಿಗೆ ಮಳೆ. ಅಷ್ಟನ್ನೇ ಇಟ್ಟುಕೊಂಡು ಮಾತನಾಡುತ್ತೇನೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡಬೇಕು. ಕೆಲವು ವರ್ಷಗಳ ಹಿಂದೆ, ನಮ್ಮ ಊರಿನಿಂದ ಎರಡು ಗುಡ್ಡ ಆಚೆಗಿರುವ ಪರಿಚಿತ ಕೃಷಿಕರೊಬ್ಬರು ಅಡಿಕೆ ಎಲೆಯ ಚಿತ್ರವೊಂದನ್ನು ಫೋನಿಗೆ ಕಳುಹಿಸಿದರು. ಎಲೆ ತುದಿಯಿಂದ ಹಳದಿಯಾಗುತ್ತ ಬಂದಿತ್ತು. ನಾನು ಆಗ ದೂರದ ನಗರದಲ್ಲಿ ಯಾವುದೋ ಸಭೆಯಲ್ಲಿ ಕುಳಿತಿದ್ದೆ. ಚಿತ್ರವನ್ನು ಹಿಗ್ಗಿಸಿ ನೋಡಿ, ಇದು ಪೋಷಕಾಂಶದ ಕೊರತೆ, ಪೊಟ್ಯಾಷ್ ಇಷ್ಟು ಕೊಡಿ, ಸುಣ್ಣ ಇಷ್ಟು ಕೊಡಿ ಎಂದು ಮೇಜಿನ ಕೆಳಗೆ ಕೈಯಿಟ್ಟುಕೊಂಡೇ ಉತ್ತರಿಸಿದೆ. ಅವರು ಹಾಗೆಯೇ ಮಾಡಿದರು. ಗುಣ ಕಾಣಲಿಲ್ಲವೆಂದು ಮತ್ತೊಮ್ಮೆಯೂ ಕೊಟ್ಟರು. ಬೇಸಗೆಯಲ್ಲಿ ನಾನು ಆ ತೋಟಕ್ಕೆ ಕಾಲಿಟ್ಟಾಗ ಸುಮಾರು ನಲವತ್ತು ಮರಗಳು ಕೈಬಿಟ್ಟು ಹೋಗಿದ್ದವು. ಮೇಲಿನ ಗುಡ್ಡವನ್ನು ಕಡಿದು ಮಾಡಿದ ಹೊಸ ರಸ್ತೆಯ ಮಣ್ಣು ಜಾರಿ ಬಂದು ಬಸಿಗಾಲುವೆಯನ್ನು ಮುಚ್ಚಿಬಿಟ್ಟಿತ್ತು. ಬುಡದಲ್ಲಿ ನೀರು ನಿಂತು ಬೇರು ಕೊಳೆತಿತ್ತು. ಚಿತ್ರದಲ್ಲಿ ಎಲೆ ಕಂಡಿತ್ತು, ಬುಡ ಕಂಡಿರಲಿಲ್ಲ. ಆ ಮನೆಯ ಹಿರಿಯ ತಾಯಿ ನನಗೆ ಮಜ್ಜಿಗೆ ಕೊಡುತ್ತ ಅಂದರು: "ದೀಪಾವಳಿ ಕಳೆದ ಮೇಲೂ ಅಲ್ಲಿ ಕಾಲಿಟ್ಟರೆ ಹೂತು ಹೋಗ್ತಿತ್ತು ತಮ್ಮಾ. ಯಾರೂ ನನ್ನನ್ನ ಕೇಳಲಿಲ್ಲ."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಫೋನು ಸುಳ್ಳು ಹೇಳಿರಲಿಲ್ಲ. ಅದು ತೋರಿಸಿದ ಎಲೆ ನಿಜವಾದ ಎಲೆಯೇ. ಆದರೆ ಉತ್ತರ ಅಷ್ಟು ಬೇಗ ಸಿಗುತ್ತದೆಂದಾದ ಮೇಲೆ, ತೋಟದ ಯಜಮಾನರು ಬುಡದವರೆಗೆ ಹೋಗಿ ನೋಡಲಿಲ್ಲ. ಡಾಕ್ಟರೇಟ್ ಪಡೆದ ನಾನು 'ಅಲ್ಲಿ ನೀರು ನಿಲ್ಲುತ್ತದೆಯೇ' ಎಂಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ದಿನವೂ ಆ ದಾರಿಯಲ್ಲಿ ಹುಲ್ಲಿಗೆ ಹೋಗುತ್ತಿದ್ದವರ ಅರಿವಿಗೆ ಬೆಲೆಯೇ ಇಲ್ಲದಾಯಿತು. ಈಗಂತೂ ಎಲೆಯ ಚಿತ್ರ ತೆಗೆದರೆ ರೋಗದ ಹೆಸರನ್ನೂ ಔಷಧಿಯ ಹೆಸರನ್ನೂ ಹೇಳುವ ಆಪ್‌ಗಳು ಬಂದಿವೆ. ನನ್ನ ಕೆಲಸವನ್ನು ಅವು ನನಗಿಂತ ವೇಗವಾಗಿ ಮಾಡುತ್ತವೆ. ನಾನು ಅಂದು ಮಾಡಿದ ತಪ್ಪನ್ನೂ ಅಷ್ಟೇ ವೇಗವಾಗಿ ಮಾಡಬಲ್ಲವು.

ಹಾಗಾದರೆ ತಂತ್ರಜ್ಞಾನವೇ ಬೇಡವೇ ಎಂದು ನೀವು ಕೇಳಬಹುದು. ಹಾಗೆ ಹೇಳುವ ಹಕ್ಕು ಅಡಿಕೆ ಬೆಳೆಯುವ ನಮಗಂತೂ ಇಲ್ಲ. ನಮ್ಮ ತೋಟಗಳು ಇಂದು ಉಳಿದಿರುವುದೇ ಒಂದು ತಂತ್ರಜ್ಞಾನದಿಂದ. ಅದು ಬೋರ್ಡೋ ದ್ರಾವಣ. ಅದರ ಕಥೆಯನ್ನು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ತೋಟಗಳು ಹೆಚ್ಚು. ರಸ್ತೆಯ ಬದಿಯ ಬಳ್ಳಿಗಳಿಂದ ದಾರಿಹೋಕರು ಹಣ್ಣು ಕೀಳುವುದನ್ನು ತಪ್ಪಿಸಲು ಅಲ್ಲಿನ ರೈತರು ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಎಲೆಗಳ ಮೇಲೆ ಎರಚುತ್ತಿದ್ದರು. ನೀಲಿ ಬಣ್ಣ ಕಂಡರೆ ವಿಷವೆಂದು ಹೆದರಿ ಯಾರೂ ಮುಟ್ಟುತ್ತಿರಲಿಲ್ಲ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಹೋಗುವಾಗ, ಒಳಗಿನ ಬಳ್ಳಿಗಳ ಎಲೆಗಳೆಲ್ಲ ಬೂಜುರೋಗಕ್ಕೆ ಉದುರಿದ್ದರೂ ರಸ್ತೆಯ ಅಂಚಿನ ಬಳ್ಳಿಗಳು ಹಸುರಾಗಿರುವುದನ್ನು ಗಮನಿಸಿದ. ಅವನು ಅಲ್ಲಿ ನಿಂತು ಯೋಚಿಸಿದ. ಮುಂದೆ ಮೂರು ವರ್ಷ ಪ್ರಯೋಗಗಳನ್ನು ನಡೆಸಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದ. ಕಳ್ಳರನ್ನು ಹೆದರಿಸಲು ಮಾಡಿದ್ದು ರೋಗಕ್ಕೆ ಮದ್ದಾಯಿತು.

ಇತ್ತ ನಮ್ಮ ಮಲೆನಾಡಿನಲ್ಲಿ ಕೊಳೆರೋಗ ಮಳೆಗಾಲದಲ್ಲಿ ಅಡಿಕೆಯನ್ನು ನೆಲಕ್ಕೆ ಉದುರಿಸುತ್ತಿತ್ತು. ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯ ಗೊನೆಗೆ ಕೊಟ್ಟೆ ಕಟ್ಟುವುದು. ಮಳೆಯ ನೀರು ತಾಗದಂತೆ ಪ್ರತಿಯೊಂದು ಗೊನೆಗೂ ಹೊದಿಕೆ. ಒಂದೊಂದು ಮರವನ್ನೂ ಹತ್ತಿ ಮಾಡಬೇಕಾದ ಕೆಲಸವದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಧ್ಯಯನ ಮಾಡಿ, ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ವಿವರಿಸಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂದದ್ದು ಅವರ ಪ್ರಯತ್ನದಿಂದ. ಒಂದು ಶತಮಾನ ಕಳೆದ ಮೇಲೂ ಕೊಳೆರೋಗಕ್ಕೆ ನಾವು ಮೊದಲು ನೆನೆಯುವುದು ಅದನ್ನೇ.

ಈ ತಂತ್ರಜ್ಞಾನದ ಗುಣವನ್ನು ನೋಡಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿಕೊಂಡು, ಸುಣ್ಣದ ತಿಳಿಹಾಲಿಗೆ ಮೈಲುತುತ್ತದ ನೀರನ್ನು ಹೊಯ್ಯುತ್ತ ಕದಡಬೇಕು. ಕಬ್ಬಿಣದ ಪಾತ್ರೆ ಕೂಡದು. ಕಲಸಿದ ಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದೆಂದು ಅರ್ಥ, ಇನ್ನಷ್ಟು ಸೇರಿಸಬೇಕು. ನಮ್ಮ ಅಜ್ಜಂದಿರಲ್ಲಿ ಅನೇಕರಿಗೆ ಓದು ಬರುತ್ತಿರಲಿಲ್ಲ. ಆದರೂ ಅಂಗಳದಲ್ಲಿ ನಿಂತು ಅವರು ಮಾಡುತ್ತಿದ್ದುದು ರಸಾಯನಶಾಸ್ತ್ರದ ಪರೀಕ್ಷೆಯೇ. ಕಬ್ಬಿಣವು ದ್ರಾವಣದಲ್ಲಿರುವ ತಾಮ್ರವನ್ನು ಹೊರಗೆಳೆಯುವುದೆಂಬ ಪಾಠ ಪ್ರೌಢಶಾಲೆಯ ಪುಸ್ತಕದಲ್ಲಿದೆ. ಆ ಪಾಠವನ್ನು ಬಾಯಿಪಾಠ ಮಾಡಿದ ಹುಡುಗನೊಬ್ಬನಿಗೆ, ಅವನ ಮನೆಯಂಗಳದ ಕತ್ತಿಯೂ ಅದನ್ನೇ ಹೇಳುತ್ತಿದೆಯೆಂದು ತಿಳಿಸಿದಾಗ ಅವನು ನಂಬಲೇ ಇಲ್ಲ. ಇದರಲ್ಲಿ ತಪ್ಪು ಹುಡುಗನದೆಂದು ನನಗೆ ತೋರುವುದಿಲ್ಲ.

ಈಗ ತದ್ವಿರುದ್ಧವಾದ ಒಂದು ಅನುಭವ. 2022ರ ಮಳೆಗಾಲದಲ್ಲಿ ಎಲೆಚುಕ್ಕಿ ರೋಗವು ಮಲೆನಾಡಿನ ತೋಟಗಳಲ್ಲಿ ಹರಡಿದ್ದನ್ನು ನೀವೆಲ್ಲ ಕಂಡಿದ್ದೀರಿ. ಆಗ ವಾಟ್ಸ್ಯಾಪ್‌ನಲ್ಲಿ ದಿನಕ್ಕೊಂದು ಮದ್ದು ಬರುತ್ತಿತ್ತು. ಈ ಪುಡಿ ಇಷ್ಟು ಗ್ರಾಂ, ಆ ಎಣ್ಣೆ ಇಷ್ಟು ಮಿಲಿ, ಎರಡನ್ನೂ ಕೂಡಿಸಿ ಹೊಡೆಯಿರಿ, ತಕ್ಷಣ ಎಲ್ಲರಿಗೂ ಕಳುಹಿಸಿ. ಕಳುಹಿಸಿದವರು ಯಾರು, ಅವರ ತೋಟ ಎಲ್ಲಿದೆ, ಹೊಡೆದ ಮೇಲೆ ಏನಾಯಿತು, ಹೊಡೆಯದೆ ಬಿಟ್ಟ ಮರ ಹೇಗಿದೆ ಎಂಬುದು ಒಂದರಲ್ಲೂ ಇರುತ್ತಿರಲಿಲ್ಲ. ಸಂಕಟದಲ್ಲಿದ್ದ ಜನ ಎಲ್ಲವನ್ನೂ ಹೊಡೆದರು. ನಾನು ತಿರುಗಾಡಿದ ತೋಟಗಳಲ್ಲಿ, ಇಂತಿಷ್ಟು ಮರಗಳಿಗೆ ಹೊಡೆಯದೆ ಹೋಲಿಸಿ ನೋಡಿದವರು ಸಿಕ್ಕಿದ್ದು ಇಬ್ಬರೇ. ಆ ಇಬ್ಬರಿಂದ ನಾನು ಕಲಿತದ್ದು ಬಹಳ. ಪುತ್ತೂರಿನಲ್ಲಿ 1988ರಲ್ಲಿ 'ಅಡಿಕೆ ಪತ್ರಿಕೆ' ಆರಂಭವಾದಾಗ ಕೃಷಿಕರೇ ಬರೆಯಬೇಕೆಂಬುದು ಅದರ ಆಸೆಯಾಗಿತ್ತು. ಬರೆಯಬೇಕಾದರೆ ಮೊದಲು ನೋಡಬೇಕಾಗುತ್ತದೆ. ಒತ್ತಿ ಮುಂದಕ್ಕೆ ಕಳುಹಿಸುವುದಕ್ಕೆ ಹಾಗೇನೂ ಬೇಕಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಕೊನೆಗೌಡರ ವಿಷಯವಾಗಿ ಹೇಳಬೇಕು. ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರಿನ ಉದ್ದನೆಯ ದೋಟಿಗಳು ಬಂದಿವೆ. ನೆಲದಲ್ಲಿ ನಿಂತೇ ಕೊನೆ ಕೊಯ್ಯಬಹುದು, ಔಷಧಿಯನ್ನೂ ಹೊಡೆಯಬಹುದು. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಜಾರುವ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಜೀವಮಾನವಿಡೀ ಚಾಪೆಯ ಮೇಲೆ ಮಲಗಿದವರು ನಮ್ಮ ಪ್ರತಿಯೊಂದು ಊರಿನಲ್ಲೂ ಇದ್ದಾರೆ. 'ಹಿಂದಿನ ಕಾಲವೇ ಚಂದ' ಎನ್ನುವವರು ಮೊದಲು ಅವರ ಮನೆಗೆ ಹೋಗಿ ಬರಬೇಕು. ಆದರೆ ಕೊನೆಗೌಡರು ಮರದಿಂದ ಇಳಿದು ಬಂದಾಗ ಅಡಿಕೆಯ ಜೊತೆಗೆ ಸುದ್ದಿಯನ್ನೂ ತರುತ್ತಿದ್ದರು. ಆ ಮೂಲೆಯ ಮರದ ಸುಳಿ ಬಾಡಿದೆ, ಹಳ್ಳದ ಬದಿಯ ಮರಗಳ ಹಿಂಗಾರ ಒಣಗುತ್ತಿದೆ, ಮಂಗ ಎಳೆಕಾಯಿ ಚೀಪಿ ಹಾಕಿದೆ ಎಂದು. ತೋಟದ ತಲೆಯ ಮೇಲೆ ನಮಗಿದ್ದ ಕಣ್ಣುಗಳು ಅವರವು. ದೋಟಿ ಬಂದ ಮೇಲೆ ಆ ಕಣ್ಣುಗಳು ಕೆಳಗಿಳಿದವು. ಅವಕ್ಕೆ ಬದಲಾಗಿ ಏನಿಟ್ಟೆವು? ಏನೂ ಇಲ್ಲ. ಕೆಲಸವನ್ನು ಉಳಿಸುವ ಉಪಕರಣ ಬಂದಾಗ, ಆ ಕೆಲಸದೊಳಗೆ ಸದ್ದಿಲ್ಲದೆ ನಡೆಯುತ್ತಿದ್ದ ಮತ್ತೊಂದು ಕೆಲಸ ಯಾವುದೆಂದು ಹುಡುಕಿ ಅದಕ್ಕೊಂದು ಏರ್ಪಾಡು ಮಾಡಿಕೊಳ್ಳಬೇಕು. ತಿಂಗಳಿಗೊಮ್ಮೆ ದುರ್ಬೀನು ಹಿಡಿದು ಸಾಲು ಸಾಲಾಗಿ ತಲೆ ಎತ್ತಿ ನೋಡಿದರೂ ಆದೀತು. ನಮ್ಮ ಮನೆಯಲ್ಲಿ ಈಗ ಹಾಗೆ ಮಾಡುತ್ತಿದ್ದೇವೆ. ನೆರೆಯವರು ಹಕ್ಕಿ ನೋಡುತ್ತಿದ್ದೇವೆಂದು ತಿಳಿದಿದ್ದಾರೆ.

ಇನ್ನು ಶಾಲೆಯ ಮಾತು. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಮ್ಮ ಮಕ್ಕಳು ಫೋನಿನ ಪಾಠಕ್ಕಾಗಿ ಗುಡ್ಡದ ನೆತ್ತಿಗೆ ಹೋಗಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತರು. ಸಿಗ್ನಲ್ ಸಿಗುವ ಬಂಡೆ ಯಾವುದೆಂದು ಹುಡುಕಿ ಅದಕ್ಕೆ ತಾಡಪಾಲು ಕಟ್ಟಿಕೊಟ್ಟ ತಂದೆಯರು ಈ ಸಭೆಯಲ್ಲೇ ಇದ್ದಾರೆ. ಆ ಮಕ್ಕಳ ಛಲವನ್ನು ನಾನು ಮರೆಯಲಾರೆ. ಅವರು ಕುಳಿತಿದ್ದ ಗುಡ್ಡದಿಂದ ಇಡೀ ಕಣಿವೆ ಕಾಣುತ್ತಿತ್ತು. ಹಳ್ಳ ಎಲ್ಲಿ ಹುಟ್ಟುತ್ತದೆ, ಎಲ್ಲಿ ತಿರುಗುತ್ತದೆ, ಯಾವ ಸೊಪ್ಪಿನ ಬೆಟ್ಟ ಬೋಳಾಗಿದೆ, ಎಲ್ಲವೂ. ಪಾಠ ಮಾತ್ರ ಅಂಗೈಯಗಲದ ಗಾಜಿನೊಳಗಿತ್ತು. ಅಂದು ಬೇರೆ ದಾರಿಯಿರಲಿಲ್ಲ, ಒಪ್ಪುತ್ತೇನೆ. ಆದರೆ ಶಾಲೆ ತೆರೆದ ಮೇಲೂ ಆ ಗಾಜು ಕೆಳಗಿಳಿಯಲಿಲ್ಲ.

ಕಳೆದ ವರ್ಷ ಒಂದು ಪ್ರಬಂಧ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ವಿಷಯ 'ನಮ್ಮೂರಿನ ಹಳ್ಳ'. ಬಹುಪಾಲು ಪ್ರಬಂಧಗಳು ಬಹಳ ಅಂದವಾಗಿದ್ದವು. ಒಂದು ಕಾಗುಣಿತ ದೋಷವೂ ಇಲ್ಲ. ಜಲಸಂರಕ್ಷಣೆ, ಜೀವವೈವಿಧ್ಯ, ಸುಸ್ಥಿರ ಅಭಿವೃದ್ಧಿ, ಎಲ್ಲವೂ ಇದ್ದವು. ಹಳ್ಳದ ಹೆಸರು ಮಾತ್ರ ಇರಲಿಲ್ಲ. ಕೇಳಿದಾಗ ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದೆಂದು ಮಕ್ಕಳು ಮುಚ್ಚುಮರೆಯಿಲ್ಲದೆ ಹೇಳಿದರು. ಒಂದೇ ಒಂದು ಪ್ರಬಂಧ, ಅಕ್ಷರ ಸೊಟ್ಟ, ವಾಕ್ಯ ಅರ್ಧಂಬರ್ಧ, ಅದರಲ್ಲಿ ಹೀಗಿತ್ತು: ನಮ್ಮ ಹಳ್ಳಕ್ಕೆ ಮೊದಲು ಜನವರಿವರೆಗೆ ನೀರಿತ್ತಂತೆ, ಈ ವರ್ಷ ನಾನು ನೋಡಿದಾಗ ಡಿಸೆಂಬರಿನಲ್ಲೇ ಗುಂಡಿಗಳು ಬೇರೆ ಬೇರೆಯಾಗಿದ್ದವು, ಮೀನುಗಳು ಒಂದೇ ಗುಂಡಿಯಲ್ಲಿದ್ದವು, ನಾವು ಅವನ್ನು ಬಕೆಟ್ಟಿನಲ್ಲಿ ಕೆಳಗಿನ ಗುಂಡಿಗೆ ಬಿಟ್ಟೆವು. ನಾನು ಅದಕ್ಕೆ ಮೊದಲ ಬಹುಮಾನ ಕೊಟ್ಟೆ. ಉಳಿದ ತೀರ್ಪುಗಾರರು ಒಪ್ಪಲಿಲ್ಲ. ಕೊನೆಗೆ ಅದಕ್ಕೆ ಸಮಾಧಾನಕರ ಬಹುಮಾನ ದೊರೆಯಿತು.

ನಾನು ಬಂದ ಮುಖ್ಯ ಕಾರಣಕ್ಕೆ ಈಗ ಬರುತ್ತೇನೆ. ಅದು ಮಳೆ.

ನನ್ನ ತಂದೆಯವರು ಮಳೆಯ ಲೆಕ್ಕದ ಒಂದು ಪುಸ್ತಕ ಇಟ್ಟಿದ್ದರು. ಕಾಫಿ ತೋಟಗಳಲ್ಲಿ ಬ್ರಿಟಿಷರ ಕಾಲದಿಂದಲೂ ಈ ರೂಢಿಯಿದೆ. ಅಲ್ಲಿಂದಲೇ ಅವರು ಕಲಿತದ್ದು. ಇಂಚು, ಸೆಂಟುಗಳಲ್ಲಿ ಅಳತೆ. ಪಕ್ಕದಲ್ಲಿ ಮಳೆನಕ್ಷತ್ರದ ಹೆಸರು: ಮೃಗಶಿರಾ, ಆರಿದ್ರಾ, ಪುನರ್ವಸು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನ ಒಂದೊಂದು ಮಳೆಯ ಅವಧಿ. ಅವರು ತೀರಿಕೊಂಡ ಮೇಲೆ ಪುಸ್ತಕ ನಿಂತುಹೋಯಿತು. ನಿಲ್ಲಿಸಿದವನು ನಾನೇ. ಫೋನಿನಲ್ಲಿ ಎಲ್ಲವೂ ಸಿಗುತ್ತದಲ್ಲ ಎಂದುಕೊಂಡೆ.

ಫೋನಿನಲ್ಲಿ ಸಿಗುವುದು ಕಡಿಮೆಯೇನಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿ, ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಬಯಲುಸೀಮೆಯಲ್ಲಿ ಪಂಚಾಯಿತಿಗೊಂದು ಮಾಪಕವೆಂದರೆ ಬಹಳವಾಯಿತು. ಆದರೆ ನಮ್ಮಲ್ಲಿ ಒಂದು ಪಂಚಾಯಿತಿಯೆಂದರೆ ಹತ್ತಾರು ಮಜರೆ, ನಾಲ್ಕಾರು ಕಣಿವೆ. ಗುಡ್ಡದ ಈ ಮಗ್ಗುಲಲ್ಲಿ ಧೋ ಎಂದು ಸುರಿಯುವಾಗ ಆ ಮಗ್ಗುಲಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಹವಾಮಾನ ಇಲಾಖೆಯ ಎಚ್ಚರಿಕೆ ಬರುವುದು ಜಿಲ್ಲೆಗೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಅದು ಇಲಾಖೆಯ ಲೆಕ್ಕದಲ್ಲಿ 'ಭಾರಿ', 115.6ರಿಂದ 'ಅತಿ ಭಾರಿ', 204.4 ದಾಟಿದರೆ 'ಅತ್ಯಂತ ಭಾರಿ'. ಆಷಾಢದಲ್ಲಿ 64 ಮಿಲಿಮೀಟರ್ ಬಿದ್ದ ದಿನ ನಾವು ಮದುವೆ ಊಟಕ್ಕೆ ಹೋಗಿ ಬರುತ್ತೇವೆ. ಹಾಗಿದ್ದರೆ ನಮ್ಮ ಗುಡ್ಡಕ್ಕೆ ಅಪಾಯದ ಗೆರೆ ಯಾವುದು? ಅದನ್ನು ಹೇಳಬಲ್ಲ ಅಂಕಿ ಯಾರ ಬಳಿಯೂ ಇಲ್ಲ. ಏಕೆಂದರೆ ಯಾರೂ ಅಳೆದಿಲ್ಲ.

ಮಕ್ಕಳೇ, ಒಂದು ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ಹಾಗಾದರೆ ನೂರು ಮಿಲಿಮೀಟರ್ ಮಳೆಗೆ ಒಂದು ಎಕರೆಯ ಮೇಲೆ ಬೀಳುವ ನೀರು ನಾಲ್ಕು ಲಕ್ಷ ಲೀಟರಿಗೂ ಮೇಲೆ. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಾದರೆ ನಲವತ್ತು. ನಿಮ್ಮ ಮನೆಯ ಹಿಂದಿನ ಗುಡ್ಡ ಎಷ್ಟು ಎಕರೆ? ಮೂರು ದಿನ ಸತತ ಸುರಿದರೆ ಆ ನೀರೆಲ್ಲ ಎಲ್ಲಿಗೆ ಹೋಗಬೇಕು? ಜೆಸಿಬಿಯಿಂದ ಬುಡ ಕತ್ತರಿಸಿದ ಗುಡ್ಡಕ್ಕೆ ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇದೆಯೇ?

2018ರಲ್ಲಿ ಕೊಡಗು, 2019ರಲ್ಲಿ ಮೂಡಿಗೆರೆಯ ಕಡೆ, 2024ರ ಜುಲೈ 16ರಂದು ಅಂಕೋಲೆಯ ಶಿರೂರು. ಅದೇ ತಿಂಗಳ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಅಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಣ್ಣಿನಡಿ ಹೋದರು. ಆ ವಯನಾಡಿನಲ್ಲೇ, ಕಲ್ಪೆಟ್ಟಾದ ಹ್ಯೂಮ್ ಕೇಂದ್ರವೆಂಬ ಪರಿಸರ ಸಂಸ್ಥೆಯು ಇನ್ನೂರಕ್ಕೂ ಹೆಚ್ಚು ಕಡೆ, ಸ್ಥಳೀಯ ಕೃಷಿಕರ ನೆರವಿನಿಂದ, ದಿನವೂ ಮಳೆ ಅಳೆಯುವ ಜಾಲವೊಂದನ್ನು ಕಟ್ಟಿತ್ತು. ಆ ಅಂಕಿಗಳನ್ನು ಕೂಡಿಸಿ ನೋಡಿ, ಮುಂಡಕ್ಕೈ ಸುತ್ತ ಭೂಕುಸಿತದ ಸಾಧ್ಯತೆಯಿದೆಯೆಂದು ಹಿಂದಿನ ದಿನ ಬೆಳಿಗ್ಗೆಯೇ ಅದು ಎಚ್ಚರಿಸಿತ್ತು. ಆ ಎಚ್ಚರಿಕೆ ಎಲ್ಲರನ್ನೂ ಉಳಿಸಲಿಲ್ಲ. ಅದನ್ನು ಕೇಳಿ ನಡೆಯುವ ಏರ್ಪಾಡು ಬೇರೆಯೇ ಒಂದು ಪ್ರಶ್ನೆ. ಆದರೆ ಎಚ್ಚರಿಸಲು ಸಾಧ್ಯವಾಯಿತೆಂಬುದನ್ನು ಗಮನಿಸಿ. ಅಲ್ಲಿ ಅಂಗಳದ ಮಾಪಕವಿತ್ತು, ಅಂಕಿಯನ್ನು ತಲುಪಿಸಲು ಫೋನೂ ಇತ್ತು. ನಮ್ಮಲ್ಲಿ ಫೋನು ಮಾತ್ರ ಇದೆ.

ಹಣದ ಮಾತೂ ಇದೆ. ಅಡಿಕೆ, ಕಾಳುಮೆಣಸಿಗೆ ನಾವು ಕಟ್ಟುವ ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರ ನಿರ್ಧಾರವಾಗುವುದು ಮಳೆಮಾಪಕದ ಅಂಕಿಯಿಂದ. ತೋಟದಲ್ಲಿ ಎಷ್ಟು ಅಡಿಕೆ ಉದುರಿತೆಂಬುದನ್ನು ಯಾರೂ ಬಂದು ಎಣಿಸುವುದಿಲ್ಲ. ಮಾಪಕದಲ್ಲಿ ಜೇಡ ಬಲೆ ಕಟ್ಟಿದರೆ, ಎಲೆ ಬಿದ್ದು ಬಾಯಿ ಮುಚ್ಚಿದರೆ, ಯಂತ್ರದ ಪ್ರಕಾರ ನಮ್ಮೂರಿನಲ್ಲಿ ಮಳೆಯೇ ಇಲ್ಲ! ನಾವು ಬರೆದಿಟ್ಟ ಪುಸ್ತಕವನ್ನು ವಿಮೆಯವರು ದಾಖಲೆಯೆಂದು ಒಪ್ಪಲೇಬೇಕೆಂದಿಲ್ಲ. ಆದರೂ 'ಜುಲೈ ಮೂರನೆಯ ವಾರದಲ್ಲಿ ನಮ್ಮ ಐದು ಮನೆಗಳಲ್ಲಿ ಇಷ್ಟಿಷ್ಟು ಮಳೆ, ನಿಮ್ಮ ಮಾಪಕದಲ್ಲಿ ಸೊನ್ನೆ, ಇದು ಹೇಗೆ' ಎಂದು ಕಾಗದ ಬರೆಯುವವನ ಮಾತಿಗೂ, 'ಬಹಳ ಮಳೆ ಬಂತು ಸ್ವಾಮಿ' ಎನ್ನುವವನ ಮಾತಿಗೂ ವ್ಯತ್ಯಾಸವಿದೆ.

ಹೋದ ಸಭೆಯಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬಳು ನನ್ನನ್ನು ಕೇಳಿದ್ದಳು: "ಸರ್, ಉಪಗ್ರಹ ಇರುವ ಕಾಲದಲ್ಲಿ ನೀವು ನಮ್ಮನ್ನು ಡಬ್ಬಿಯಲ್ಲಿ ಮಳೆ ಹಿಡಿಯಲು ಹೇಳುತ್ತೀರಲ್ಲ, ಇದು ಹಿಂದಕ್ಕೆ ಹೋದಂತಲ್ಲವೇ?" ಒಳ್ಳೆಯ ಪ್ರಶ್ನೆ. ಅಂದು ಸರಿಯಾಗಿ ಉತ್ತರಿಸಲು ನನಗಾಗಲಿಲ್ಲ, ಇಂದು ಪ್ರಯತ್ನಿಸುತ್ತೇನೆ. ಉಪಗ್ರಹದ ಅಂದಾಜನ್ನೂ ನೆಲದ ಮೇಲಿನ ಮಾಪಕದೊಂದಿಗೆ ಹೋಲಿಸಿಯೇ ತಿದ್ದಬೇಕಾಗುತ್ತದೆ. ನೀನು ಬರೆಯುವ ಅಂಕಿ ಆಕಾಶದಲ್ಲಿರುವುದಕ್ಕೆ ಬೇಕಾದದ್ದೇ. ಎರಡನೆಯದಾಗಿ, ದಿನವೂ ಬೆಳಿಗ್ಗೆ ಎಂಟೂವರೆಗೆ ಅಂಗಳಕ್ಕಿಳಿದು ಅಳೆಯುವವಳಿಗೆ ಅಂಕಿಯ ಜೊತೆಗೆ ಬೇರೆ ವಿಷಯಗಳೂ ತಿಳಿಯುತ್ತವೆ. ಹಳ್ಳದ ನೀರು ಕೆಂಪಾದದ್ದು ಯಾವಾಗ, ಧರೆಯಲ್ಲಿ ಹೊಸ ಬಿರುಕು ಬಿಟ್ಟಿದೆಯೇ, ಒರತೆ ಎಲ್ಲಿಂದ ಎದ್ದಿದೆ ಎಂಬುದು. ಇವನ್ನು ಯಾರೂ ಫೋನಿಗೆ ಕಳುಹಿಸುವುದಿಲ್ಲ.

ವ್ಯವಸ್ಥೆಯ ವಿಷಯ ಹೇಳಿ ಮುಗಿಸುತ್ತೇನೆ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ನೆಟ್ಟಗಿನ ಪಾರದರ್ಶಕ ಡಬ್ಬಿ ಸಾಕು. ಹೊರಗೆ ಮಿಲಿಮೀಟರಿನ ಪಟ್ಟಿ ಅಂಟಿಸಿದರಾಯಿತು. ನಮ್ಮ ಮಳೆಗೆ ಗಿಡ್ಡ ಡಬ್ಬಿ ತುಂಬಿ ಚೆಲ್ಲುತ್ತದೆ. ಒಂದೂವರೆ ಅಡಿಯಾದರೂ ಎತ್ತರವಿರಲಿ. ಮಾಡಿನ ಅಂಚಿನಿಂದ, ಮರದ ನೆರಳಿನಿಂದ ದೂರವಿಡಿ. ಮರದ ಎತ್ತರದ ಎರಡರಷ್ಟು ದೂರವಾದರೆ ಉತ್ತಮ. ಅಡಿಕೆ ತೋಟದ ಮನೆಗಳಲ್ಲಿ ಅಷ್ಟು ತೆರೆದ ಜಾಗ ಸಿಗುವುದು ಕಷ್ಟವೆಂದು ಬಲ್ಲೆ. ಗದ್ದೆಯ ಬದುವಾದರೂ ಆದೀತು. ಬೆಳಿಗ್ಗೆ 8.30ಕ್ಕೆ ಓದಿ, ಪುಸ್ತಕದಲ್ಲಿ ಬರೆದು, ನೀರು ಚೆಲ್ಲಿ, ಮತ್ತೆ ಇಡಿ. ಮಳೆಯಿಲ್ಲದ ದಿನವೂ ಸೊನ್ನೆಯೆಂದು ಬರೆಯಲೇಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಬರೆಯುವವನು ನೆಂಟರ ಮನೆಗೆ ಹೋಗಿದ್ದನೋ ತಿಳಿಯುವುದಿಲ್ಲ. ನನ್ನ ತಂದೆಯವರ ಪುಸ್ತಕದಲ್ಲಿ ನನ್ನ ಅಕ್ಕನ ಮದುವೆಯ ವಾರ ಖಾಲಿಯಿದೆ.

ಹದಿನಾಲ್ಕು ಡಬ್ಬಿಗಳನ್ನು ಪಟ್ಟಿ ಅಂಟಿಸಿ ತಂದಿದ್ದೇನೆ. ಹಿಂದಿನ ಮೇಜಿನ ಮೇಲಿವೆ, ಜೊತೆಗೆ ಗೆರೆ ಹಾಕಿದ ಪುಸ್ತಕಗಳೂ ಇವೆ. ಒಂದು ಕಣಿವೆಗೆ ಎರಡಾದರೂ ಹೋಗಬೇಕು; ಮೇಲಿನ ಮಜರೆಯವರು ಮೊದಲು ತೆಗೆದುಕೊಳ್ಳಿ, ಗುಡ್ಡಕ್ಕೆ ಹತ್ತಿರವಿರುವವರು ನೀವು. ಚಹಾ ಆದ ಮೇಲೆ ಹೆಸರು ಬರೆಸಿ ಒಯ್ಯಬಹುದು. ರೋಹಿಣಿ ಮಳೆ ಹಿಡಿಯುವುದರೊಳಗೆ ಎಲ್ಲವೂ ಅಂಗಳದಲ್ಲಿ ಇರಬೇಕು.